ಸಂಶಯಕ್ಕೆ ಎರಡು ಕ್ರಿಯಾಪದ: ಸಪ್ತಾಪುರದ ಒಂದು ಸಂಜೆ ಇಂಗ್ಲಿಷ್ ತರಗತಿ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳ ಸಾಲು ಸಾಲು ಫಲಕಗಳ ನಡುವೆ, ಯಾವ ಫಲಕವೂ ಇಲ್ಲದ ಒಂದು ಮನೆಯ ಮಹಡಿಯಲ್ಲಿ, ನಿವೃತ್ತ ಕಾಲೇಜು ಉಪನ್ಯಾಸಕಿಯೊಬ್ಬರು ಮೂರು ತಿಂಗಳ ಸಂಜೆ ಇಂಗ್ಲಿಷ್ ತರಗತಿ ನಡೆಸುತ್ತಾರೆ. ಈ ತರಗತಿಯ ಬಹುಪಾಲು ಒಂದೇ ವಿಷಯಕ್ಕೆ ಮೀಸಲು: ಅರ್ಥದಲ್ಲಿ ಹತ್ತಿರ ಹತ್ತಿರವಿರುವ ಇಂಗ್ಲಿಷ್ ಕ್ರಿಯಾಪದಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು ಎಂಬುದು. ಕಳೆದ ಜೂನ್ ಮೊದಲ ವಾರದಿಂದ ಆಗಸ್ಟ್ ಕೊನೆಯವರೆಗೆ ನಾನು ಅಲ್ಲಿ ಕಲಿತೆ. ತಮ್ಮ ಹೆಸರು ಬರೆಯಬಾರದೆಂದು ಅವರೇ ಕೇಳಿಕೊಂಡಿರುವುದರಿಂದ ಹೆಸರನ್ನು ಕೊಡುತ್ತಿಲ್ಲ. ಆದರೆ ಆ ತರಗತಿಯಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ವಿವರವಾಗಿ ಬರೆಯಬೇಕೆಂದು ತರಗತಿ ಮುಗಿದ ದಿನವೇ ನಿಶ್ಚಯಿಸಿದ್ದೆ.

ನಾನು ಅಲ್ಲಿಗೆ ಹೋದದ್ದಕ್ಕೆ ಒಂದು ಪತ್ರ ಕಾರಣ. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಪ್ರಾಂಗಣದ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕಪತ್ರ ಮತ್ತು ಪತ್ರವ್ಯವಹಾರ ನನ್ನ ಕೆಲಸ. ಬ್ಯಾಡಗಿ ಕಡ್ಡಿ ಮತ್ತು ಡಬ್ಬಿ ಮೆಣಸಿನಕಾಯಿ ನಮ್ಮ ಮುಖ್ಯ ವ್ಯಾಪಾರ. ಖಾರ ಕಡಿಮೆ, ಬಣ್ಣ ಹೆಚ್ಚು ಇರುವ ಈ ಕಾಯಿಯಿಂದ ಬಣ್ಣದ ಸತ್ವ ತೆಗೆಯುವ ಕಾರ್ಖಾನೆಗಳು ಕೇರಳದಲ್ಲಿರುವುದರಿಂದ ಅಲ್ಲಿಯ ಖರೀದಿದಾರರೊಡನೆ ನಮ್ಮ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ಒಮ್ಮೆ ಮಳೆಗಾಲದಲ್ಲಿ ಕಳಿಸಿದ ಲಾಟಿನಲ್ಲಿ ಕೆಲವು ಚೀಲಗಳು ತೇವವಾಗಿವೆ ಎಂದು ಅಲ್ಲಿಂದ ದೂರು ಬಂತು. ಲಾರಿಯ ತಾಡಪತ್ರಿ ಹರಿದಿತ್ತೆಂದು ಚಾಲಕನೇ ನಮ್ಮ ಮಾಲೀಕರಿಗೆ ಫೋನಿನಲ್ಲಿ ಹೇಳಿದ್ದ. ದಾರಿಯಲ್ಲಿ ಚೀಲಗಳು ನೆನೆದಿರಬಹುದೆಂಬ ಸಂಶಯ ನಮಗೂ ಇದೆ, ಲಾರಿಯವರೊಡನೆ ಮಾತಾಡುತ್ತೇವೆ ಎಂದು ಬರೆಯಲು ಮಾಲೀಕರು ನನಗೆ ತಿಳಿಸಿದರು. ನಾನು ಬರೆದದ್ದು ಹೀಗಿತ್ತು: ‘ವಿ ಡೌಟ್ ದಟ್ ದ ಬ್ಯಾಗ್ಸ್ ಗಾಟ್ ವೆಟ್ ಆನ್ ದ ವೇ.’ ಮರುದಿನ ಬಂದ ಉತ್ತರದಲ್ಲಿ ಎರಡೇ ಸಾಲುಗಳಿದ್ದವು. ನಮ್ಮ ಮಾತಿನಲ್ಲಿ ನಂಬಿಕೆ ಇಲ್ಲದಿದ್ದರೆ ನಿಮ್ಮವರನ್ನೇ ಕಳಿಸಿ ನೋಡಿಸಿಕೊಳ್ಳಿ, ಮುಂದಿನ ಲಾಟು ಸದ್ಯಕ್ಕೆ ಬೇಡ. ಮಾಲೀಕರು ಫೋನ್ ಮಾಡಿ, ಹರಕು ಹಿಂದಿಯಲ್ಲಿ ಅರ್ಧ ಗಂಟೆ ಮಾತಾಡಿ, ಸಂಬಂಧ ಉಳಿಸಿಕೊಂಡರು. ನನ್ನನ್ನು ಅವರು ಬೈಯಲಿಲ್ಲ. ಆದರೆ ನನ್ನ ಆ ವಾಕ್ಯದಲ್ಲಿ ಏನು ತಪ್ಪಿತ್ತು ಎಂದು ಅಂಗಡಿಯಲ್ಲಿ ಯಾರಿಗೂ ಹೇಳಲು ಬರಲಿಲ್ಲ. ಮೊಬೈಲಿನ ಅನುವಾದದಲ್ಲಿಯೂ, ಕಪಾಟಿನಲ್ಲಿದ್ದ ಇಂಗ್ಲಿಷ್-ಕನ್ನಡ ಕೋಶದಲ್ಲಿಯೂ ಡೌಟ್ ಎಂದರೆ ಸಂಶಯ ಎಂದೇ ಇತ್ತು.

ಇದಕ್ಕೂ ಮುಂಚೆ ನಾನು ಇಂಗ್ಲಿಷ್ ತರಗತಿಗೆ ಹೋಗದವನೇನೂ ಅಲ್ಲ. ಹುಬ್ಬಳ್ಳಿಯಲ್ಲಿ ಒಂದು ಕಡೆ ನಲವತ್ತೈದು ದಿನ ಹೋಗಿದ್ದೆ. ಅಲ್ಲಿ ಕೊಟ್ಟ ಪುಸ್ತಿಕೆಯಲ್ಲಿ ಸೇ, ಟೆಲ್, ಸ್ಪೀಕ್, ಟಾಕ್ ನಾಲ್ಕನ್ನೂ ಒಂದೇ ಆವರಣದಲ್ಲಿ ಕೂಡಿಸಿ ಎದುರಿಗೆ ‘ಹೇಳು, ಮಾತಾಡು’ ಎಂದು ಅಚ್ಚು ಹಾಕಿದ್ದರು. ಸಮಾನಾರ್ಥಕ ಪದಗಳೆಂದು ಅವನ್ನು ಬಾಯಿಪಾಠ ಮಾಡಿಸಿದರು. ನಾಲ್ಕಕ್ಕೂ ಒಂದೇ ಅರ್ಥವಿದ್ದರೆ ಭಾಷೆಯಲ್ಲಿ ನಾಲ್ಕು ಯಾಕೆ ಉಳಿದಾವು ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಸಪ್ತಾಪುರದ ತರಗತಿಯ ಮೊದಲ ದಿನ ಮೇಡಂ ಹಲಗೆಯ ಮೇಲೆ ಒಂದೂ ಇಂಗ್ಲಿಷ್ ಪದ ಬರೆಯಲಿಲ್ಲ. ಸೀರೆ, ಕುಪ್ಪಸ, ಮಲ್ಲಿಗೆ, ಶಾಲು, ಪಟಗಾ, ಚಪ್ಪಲಿ ಎಂದು ಆರು ಕನ್ನಡ ಪದಗಳನ್ನು ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಮುಂದೆ ಅದರ ಕ್ರಿಯಾಪದವನ್ನು ಹೇಳಿರೆಂದರು. ಸೀರೆ ಉಡುವುದು, ಕುಪ್ಪಸ ತೊಡುವುದು, ಮಲ್ಲಿಗೆ ಮುಡಿಯುವುದು, ಶಾಲು ಹೊದೆಯುವುದು, ಪಟಗಾ ಸುತ್ತುವುದು, ಚಪ್ಪಲಿ ಮೆಟ್ಟುವುದು. ಹದಿನೆಂಟು ಜನರಲ್ಲಿ ಒಬ್ಬರೂ ತಡವರಿಸಲಿಲ್ಲ. ಆಮೇಲೆ ಅವರು ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿಗೆ, “ನಾ ಮಲ್ಲಿಗಿ ಉಟ್ಟೆ ಅಂದ್ರ ಏನ್ ತಪ್ಪದ?” ಎಂದು ಕೇಳಿದರು. ಆಕೆ ಸ್ವಲ್ಪ ಯೋಚಿಸಿ, “ಹಂಗ ಅನ್ನಂಗಿಲ್ಲರೀ ಮೇಡಂ” ಎಂದಳು. “ಯಾಕ ಅನ್ನಂಗಿಲ್ಲ?” ಎಂದರೆ ಉತ್ತರವಿಲ್ಲ. ಆಗ ಮೇಡಂ ಹೇಳಿದ್ದು ನನ್ನ ವಹಿಯಲ್ಲಿ ಹಾಗೆಯೇ ಇದೆ: “ನಿಮಗ ಯಾರೂ ಇದರ ನಿಯಮ ಕಲಿಸಿಲ್ಲ. ಮಲ್ಲಿಗಿ ಜೋಡಿ ಮುಡಿಯೂದು ಅನ್ನೂದು ಕೇಳಿ ಕೇಳಿ ಬಂದದ. ಇಂಗ್ಲಿಷಿನ್ಯಾಗ ಈ ಆರಕ್ಕೂ ಒಂದ ವೇರ್ ಸಾಕು. ಆದರ ನೀವು ಎಲ್ಲಾ ಒಂದ ಮಾಡು ಅಂತೀರಲ್ಲ, ಅಲ್ಲಿ ಅವರು ಎರಡು ಮಾಡ್ಯಾರ.”

ಆ ಒಂದು ಗಂಟೆ ನನ್ನ ಭಯವನ್ನು ಅರ್ಧ ಇಳಿಸಿತು. ಹತ್ತಿರದ ಕ್ರಿಯಾಪದಗಳಲ್ಲಿ ಸರಿಯಾದದ್ದನ್ನು ಆರಿಸುವ ಶಕ್ತಿ ಇಂಗ್ಲಿಷ್ ಬಲ್ಲವರಿಗೆ ಮಾತ್ರ ಇರುವ ಗುಣವೆಂದು ನಾನು ನಂಬಿಕೊಂಡಿದ್ದೆ. ಅದು ನನ್ನಲ್ಲಿಯೂ ಇದೆ, ಕನ್ನಡದಲ್ಲಿ ದಿನವೂ ನಡೆದಿದೆ, ಬಟ್ಟೆ ಒಗೆದು ಭಾಂಡೆ ತಿಕ್ಕಿ ಮುಖ ತೊಳೆದುಕೊಳ್ಳುವಾಗ ಕೂಡ ನಡೆದಿದೆ ಎಂಬುದು ಮೊದಲ ಬಾರಿಗೆ ಕಣ್ಣಿಗೆ ಬಿತ್ತು. ವೇರ್ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವನ್ನೂ ಅಂದೇ ತೋರಿಸಿದರು. ಉಟ್ಟುಕೊಳ್ಳುತ್ತಿದ್ದಾಳೆ ಎಂದರೆ ಆ ಕೆಲಸ ಇನ್ನೂ ನಡೆದಿದೆ, ಅದಕ್ಕೆ ‘ಪುಟ್ ಆನ್’. ಉಟ್ಟುಕೊಂಡಿದ್ದಾಳೆ ಎಂದರೆ ಸೀರೆ ಈಗ ಮೈಮೇಲಿದೆ, ಅದಕ್ಕೆ ‘ವೇರ್’. ಕನ್ನಡದಲ್ಲಿ ಕ್ರಿಯಾಪದದ ರೂಪ ಬದಲಿಸಿ ಮಾಡುವ ಕೆಲಸವನ್ನು ಇಂಗ್ಲಿಷ್ ಬೇರೆ ಕ್ರಿಯಾಪದವನ್ನೇ ಕರೆದು ಮಾಡಿಸುತ್ತದೆ. ಮೂರು ತಿಂಗಳ ಪಾಠಕ್ಕೆ ಇದೇ ತಳಹದಿಯಾಯಿತು.

ನೋಡು ಮತ್ತು ಕೇಳು ಎಂಬ ಎರಡು ಪದಗಳಿಗೆ ಒಂದು ವಾರವೇ ಹೋಯಿತು, ಮತ್ತು ಆ ವಾರಕ್ಕಾಗಿಯೇ ಇಡೀ ಶುಲ್ಕ ಕೊಡಬಹುದೆಂದು ನನ್ನ ಅಭಿಪ್ರಾಯ. ನೋಡು ಎಂಬ ಒಂದರ ಎದುರು ಸೀ, ಲುಕ್, ವಾಚ್ ಎಂಬ ಮೂರು ನಿಲ್ಲುತ್ತವೆ. ಕೇಳು ಎಂಬುದು ಇನ್ನೂ ತೊಡಕಿನದು. ಅದಕ್ಕೆ ಹಿಯರ್, ಲಿಸನ್ ಎರಡರ ಜೊತೆಗೆ ಆಸ್ಕ್ ಕೂಡ ಸೇರುತ್ತದೆ. ಕಿವಿಗೆ ಬೀಳುವುದೂ ಕೇಳುವುದೇ, ಪ್ರಶ್ನೆ ಮಾಡುವುದೂ ಕೇಳುವುದೇ. ನಾವು ಸಾಮಾನ್ಯವಾಗಿ ಇಲ್ಲಿಗೇ ನಿಂತು, ಕನ್ನಡದಲ್ಲಿ ಈ ಭೇದವಿಲ್ಲ, ಆದ್ದರಿಂದ ಬಾಯಿಪಾಠ ಮಾಡಬೇಕು ಎಂದುಕೊಳ್ಳುತ್ತೇವೆ. ಮೇಡಂ ಹಾಗೆ ಬಿಡಲಿಲ್ಲ. ‘ನಾನು ನೋಡಿದೆ’ ಎಂಬುದರ ಪಕ್ಕದಲ್ಲಿ ‘ನನಗೆ ಕಂಡಿತು’ ಎಂದು ಬರೆದರು. ‘ನಾನು ಕೇಳಿದೆ’ ಎಂಬುದರ ಪಕ್ಕದಲ್ಲಿ ‘ನನಗೆ ಕೇಳಿಸಿತು’ ಎಂದು ಬರೆದರು. ನಾನು ಎಂದು ಶುರುವಾದರೆ ಕೆಲಸ ಮಾಡಿದವನು ನಾನು, ಮನಸ್ಸಿಟ್ಟು ಮಾಡಿದವನು. ನನಗೆ ಎಂದು ಶುರುವಾದರೆ ಅದು ತಾನಾಗಿ ಬಂದು ಕಣ್ಣಿಗೋ ಕಿವಿಗೋ ತಾಗಿದ್ದು. ಮೊದಲನೆಯದು ಲುಕ್ ಮತ್ತು ಲಿಸನ್, ಎರಡನೆಯದು ಸೀ ಮತ್ತು ಹಿಯರ್. ಅಲುಗಾಡುವುದನ್ನು, ಬದಲಾಗುತ್ತಿರುವುದನ್ನು ಸ್ವಲ್ಪ ಹೊತ್ತು ನೋಡುತ್ತ ಕೂತರೆ ಅದು ವಾಚ್. ಕ್ರಿಕೆಟ್ ಪಂದ್ಯ, ಹಾಲು ಉಕ್ಕದಂತೆ ಕಾಯುವುದು, ಮಗು ಬೀದಿಗೆ ಓಡದಂತೆ ನೋಡಿಕೊಳ್ಳುವುದು.

ಇಲ್ಲಿಂದ ಇನ್ನೊಂದು ತಪ್ಪೂ ತಾನಾಗಿ ಬಿಡಿಸಿಕೊಂಡಿತು. ‘ಐ ಆ್ಯಮ್ ಸೀಯಿಂಗ್ ಎ ಬಸ್’, ‘ಐ ಆ್ಯಮ್ ಹಿಯರಿಂಗ್ ಎ ಸೌಂಡ್’ ಎಂದು ನಮ್ಮಲ್ಲಿ ಅನೇಕರು ಬರೆಯುತ್ತಾರೆ. ಕಾಣಿಸ್ತಾ ಇದೆ, ಕೇಳಿಸ್ತಾ ಇದೆ ಎಂಬ ರೂಪ ಕನ್ನಡದಲ್ಲಿ ಸಹಜವಾಗಿರುವುದರಿಂದ ಹಾಗಾಗುತ್ತದೆ. ತಾನಾಗಿ ಕಣ್ಣಿಗೆ ಬೀಳುವುದನ್ನು ನಾನು ನಡೆಸುತ್ತಿರುವ ಕೆಲಸವೆಂಬಂತೆ ಹೇಳುವುದು ಇಂಗ್ಲಿಷಿಗೆ ಒಗ್ಗುವುದಿಲ್ಲ. ‘ಐ ಕ್ಯಾನ್ ಸೀ’, ‘ಐ ಕ್ಯಾನ್ ಹಿಯರ್’ ಎನ್ನಬೇಕು. ಸೀ ಎಂಬುದು ಒಬ್ಬರನ್ನು ಭೇಟಿಯಾಗುವ ಅರ್ಥದಲ್ಲಿ ಬಂದಾಗ ಮಾತ್ರ ಆ ರೂಪ ಸರಿಹೋಗುತ್ತದೆ: ನಾಳೆ ಡಾಕ್ಟರನ್ನು ಕಾಣುತ್ತಿದ್ದೇನೆ ಎಂಬುದಕ್ಕೆ ‘ಐ ಆ್ಯಮ್ ಸೀಯಿಂಗ್ ದ ಡಾಕ್ಟರ್ ಟುಮಾರೋ’ ಎಂದರೆ ತಪ್ಪೇನೂ ಇಲ್ಲ. ಭೇಟಿಯಾಗುವುದಕ್ಕೆ ನಾವೂ ಕಾಣು ಎಂದೇ ಹೇಳುತ್ತೇವೆ ಎಂಬುದನ್ನು ಗಮನಿಸಿ ನನಗೆ ಬಹಳ ಸಂತೋಷವಾಯಿತು.

ಸೇ ಮತ್ತು ಟೆಲ್ ಪಾಠ ಒಂದೇ ದಿನಕ್ಕೆ ಮುಗಿಯಿತು, ಮುಗಿಯಬೇಕಾದದ್ದೂ ಅಷ್ಟೇ. ಟೆಲ್ ಆದ ಕೂಡಲೇ ಕೇಳುವ ವ್ಯಕ್ತಿ ಬರಬೇಕು: ‘ಟೋಲ್ಡ್ ಮಿ’. ಸೇ ಆದ ಮೇಲೆ ಹೇಳಿದ ಮಾತು ಬರುತ್ತದೆ. ವ್ಯಕ್ತಿಯನ್ನು ತರಲೇಬೇಕಾದರೆ ನಡುವೆ ಟು ಬೇಕು. ‘ಸೆಡ್ ಮಿ’ ಎಂಬ ತಪ್ಪು ‘ನನಗೆ ಹೇಳಿದ’ ಎಂಬ ನಮ್ಮ ರಚನೆಯಿಂದ ನೇರ ಇಳಿದು ಬಂದದ್ದು. ಕಥೆ, ಸುಳ್ಳು, ಸತ್ಯ ಇವು ಟೆಲ್ ಜೊತೆಗೆ ಹೋಗುತ್ತವೆ, ಎದುರಿಗೆ ಯಾರೂ ಇರಲಿ ಬಿಡಲಿ. ಭಾಷೆ ಬರುತ್ತದೆ ಎನ್ನುವಾಗ ಸ್ಪೀಕ್, ಇಬ್ಬರು ಕೂತು ಹರಟುವಾಗ ಟಾಕ್. ಹುಬ್ಬಳ್ಳಿಯ ಆ ಪುಸ್ತಿಕೆಯಲ್ಲಿ ನಲವತ್ತೈದು ದಿನಕ್ಕೂ ಬಗೆಹರಿಯದ ಸಂಗತಿ ಇಲ್ಲಿ ಒಂದೂವರೆ ಗಂಟೆಯಲ್ಲಿ ಬಗೆಹರಿಯಿತು.

ಪೇಟೆಯಲ್ಲಿ ಕೆಲಸ ಮಾಡುವವನಿಗೆ ಹೆಚ್ಚು ಉಪಯೋಗವಾದದ್ದು ರೈಜ್ ಮತ್ತು ರೇಜ್ ಜೋಡಿ. ಕನ್ನಡದಲ್ಲಿ ದರ ಏರಿತು, ದರ ಏರಿಸಿದರು ಎಂದು ಒಂದು ‘ಇಸು’ ಸೇರಿಸಿದರೆ ಸಾಕು, ತಾನಾಗಿ ಆದದ್ದು ಮತ್ತು ಒಬ್ಬರು ಮಾಡಿದ್ದು ಬೇರೆಬೇರೆಯಾಗುತ್ತವೆ. ಇಂಗ್ಲಿಷಿನಲ್ಲಿ ಆ ಪ್ರತ್ಯಯವಿಲ್ಲದೆ ಎರಡು ಪ್ರತ್ಯೇಕ ಪದಗಳಿವೆ. ಮಾರುಕಟ್ಟೆಯಲ್ಲಿ ಆವಕ ಕಡಿಮೆಯಾಗಿ ದರ ಏರಿತೆಂದು ಹೇಳಬೇಕಾದಲ್ಲಿ ನಾನು ವರ್ಷಗಟ್ಟಲೆ ‘ದ ರೇಟ್ ರೇಜ್ಡ್’ ಎಂದು ಬರೆದಿದ್ದೆ. ಓದಿದವರು ಯಾರು ಏರಿಸಿದರು ಎಂದು ಕೇಳಬಹುದಾದ ವಾಕ್ಯ ಅದು. ಕಲಿ, ಕಲಿಸು ಎಂಬಲ್ಲಿ ಲರ್ನ್ ಮತ್ತು ಟೀಚ್. ನೆನಪಿದೆ, ನೆನಪಿಸು ಎಂಬಲ್ಲಿ ರಿಮೆಂಬರ್ ಮತ್ತು ರಿಮೈಂಡ್. ಬಾಕಿ ಹಣ ಕೇಳುವ ಪತ್ರಗಳಲ್ಲಿ ಈ ಕೊನೆಯ ಜೋಡಿ ತಪ್ಪಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕೈಗಡ ಕೊಡುವುದು, ಕೈಗಡ ತೆಗೆದುಕೊಳ್ಳುವುದು ಎಂಬಲ್ಲಿ ಲೆಂಡ್ ಮತ್ತು ಬಾರೋ. ‘ಇಸು’ ಸೇರುವಲ್ಲಿ, ಕೊಡು-ತೆಗೆದುಕೊ ಬದಲಾಗುವಲ್ಲಿ ಇಂಗ್ಲಿಷಿನಲ್ಲಿ ಬೇರೆ ಪದ ಇದೆಯೇ ಎಂದು ಒಮ್ಮೆ ನಿಂತು ನೋಡುವ ಅಭ್ಯಾಸ ನನಗೆ ಅಲ್ಲಿಯೇ ಬಂತು.

ಬ್ರಿಂಗ್ ಮತ್ತು ಟೇಕ್ ವಿಷಯದಲ್ಲಿ ನಮ್ಮ ಭಾಗದವರಿಗೆ ಒಂದು ಅನುಕೂಲವಿದೆ. ತರು ಎಂಬುದರ ಎದುರು ಒಯ್ಯು ಎಂಬ ಪದ ನಮ್ಮ ಬಾಯಲ್ಲಿ ಇನ್ನೂ ಜೀವಂತವಾಗಿದೆ. ಕೇಳುವವನಿದ್ದ ಕಡೆಗಾದರೆ ‘ನಿಮ್ಮ ಆಫೀಸಿಗೆ ಸ್ಯಾಂಪಲ್ ತರ್ತೀನಿ’ ಎನ್ನುತ್ತೇವೆ, ಇಬ್ಬರೂ ಇಲ್ಲದ ಮೂರನೆಯ ಕಡೆಗಾದರೆ ‘ಲ್ಯಾಬಿಗೆ ಒಯ್ತೀನಿ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿಯೂ ಬ್ರಿಂಗ್ ಮತ್ತು ಟೇಕ್ ಇದೇ ದಿಕ್ಕಿನಲ್ಲಿ ನಡೆಯುತ್ತವೆ. ಹೋಗಿ, ತೆಗೆದುಕೊಂಡು, ಮರಳಿ ಬರುವುದಾದರೆ ಫೆಚ್. ಇದನ್ನು ಮೇಡಂ ಹತ್ತು ನಿಮಿಷದಲ್ಲಿ ಮುಗಿಸಿದರು.

ಡೂ ಮತ್ತು ಮೇಕ್ ಮಾತ್ರ ಐದು ದಿನ ಹಿಡಿಯಿತು, ಮತ್ತು ಅಷ್ಟು ಹಿಡಿದರೂ ಪೂರ್ತಿ ಕೈಗೆ ಸಿಗಲಿಲ್ಲ. ನಮಗೆ ಎಲ್ಲವೂ ಮಾಡುವುದೇ: ಅಡುಗೆ ಮಾಡು, ಲೆಕ್ಕ ಮಾಡು, ತಪ್ಪು ಮಾಡು, ಉಪಕಾರ ಮಾಡು, ಗದ್ದಲ ಮಾಡು, ಫೋನ್ ಮಾಡು, ವ್ಯಾಪಾರ ಮಾಡು. ಕೆಲಸ, ಮನೆಪಾಠ, ವ್ಯಾಪಾರ, ಉಪಕಾರ ಇವು ಡೂ ಕಡೆಗೆ. ತಪ್ಪು, ನಿರ್ಧಾರ, ಗದ್ದಲ, ಪ್ರಯತ್ನ, ಹಣ ಇವು ಮೇಕ್ ಕಡೆಗೆ. ಮಾಡಿದ ಮೇಲೆ ಮೊದಲು ಇಲ್ಲದ್ದೊಂದು ಉಳಿದರೆ ಮೇಕ್, ಮಾಡುವ ಕ್ರಿಯೆಯೇ ಮುಖ್ಯವಾದರೆ ಡೂ ಎಂಬ ನಿಯಮವನ್ನು ಅನೇಕರು ಹೇಳುತ್ತಾರೆ. ಮೇಡಂ ಕೂಡ ಅದನ್ನು ಹೇಳಿ, ಮರುಕ್ಷಣವೇ ಹಾಸಿಗೆ ಸರಿಮಾಡುವುದಕ್ಕೆ ‘ಮೇಕ್ ದ ಬೆಡ್’ ಎನ್ನುತ್ತಾರೆ, ಅಲ್ಲಿ ಹೊಸದೇನೂ ಹುಟ್ಟುವುದಿಲ್ಲ ಎಂದು ತಾವೇ ತೋರಿಸಿದರು. ನಿಯಮ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಒಪ್ಪಿಕೊಂಡು ಹೇಳುವ ಶಿಕ್ಷಕರನ್ನು ನಾನು ಹೆಚ್ಚು ನೋಡಿಲ್ಲ. ಉಳಿದದ್ದಕ್ಕೆ ಅವರ ಉಪಾಯ ಒಂದೇ: ಕ್ರಿಯಾಪದವನ್ನು ಒಂಟಿಯಾಗಿ ಬರೆದುಕೊಳ್ಳಬಾರದು. ವಹಿಯಲ್ಲಿ ಡೂ ಎಂದು ಬರೆದು ಎದುರಿಗೆ ಮಾಡು ಎಂದು ಬರೆದರೆ ಆ ಪುಟ ಹರಿಯಲು ಹೇಳುತ್ತಿದ್ದರು. ‘ಮೇಕ್ ಎ ಡಿಸಿಷನ್’ ಎಂದು ಜೋಡಿಯಾಗಿಯೇ ಬರೆಯಬೇಕು, ಮಲ್ಲಿಗೆ ಮುಡಿಯುವುದು ಎಂಬ ಹಾಗೆ.

ನನ್ನ ಪತ್ರದ ವಿಷಯ ಆರನೆಯ ವಾರದಲ್ಲಿ ಬಂತು. ನಾನು ಆ ವಾಕ್ಯವನ್ನು ಹಲಗೆಯ ಮೇಲೆ ಬರೆದೆ, ಏನಾಯಿತೆಂದು ಹೇಳಿದೆ. ಯಾರೂ ನಗಲಿಲ್ಲ, ಏಕೆಂದರೆ ಆ ಕೋಣೆಯಲ್ಲಿದ್ದ ಯಾರೇ ಆಗಿದ್ದರೂ ಅದನ್ನೇ ಬರೆಯುತ್ತಿದ್ದರು. ಮೇಡಂ ಅದರ ಕೆಳಗೆ ಎರಡು ಕನ್ನಡ ವಾಕ್ಯ ಬರೆದರು: ‘ಅವನು ಬರುವುದು ಸಂಶಯ.’ ‘ಅವನೇ ತೆಗೆದುಕೊಂಡಿರಬಹುದೆಂಬ ಸಂಶಯ.’ ಆಮೇಲೆ ನನ್ನ ಕಡೆ ತಿರುಗಿ, “ಮೊದಲನೇದರಾಗ ನಿಮ್ಮ ಮನಸ್ಸು ಏನ್ ಹೇಳ್ತದರೀ? ಬರ್ತಾನ ಅಂತೋ, ಬರೂದಿಲ್ಲ ಅಂತೋ?” ಎಂದು ಕೇಳಿದರು. ಬರುವುದಿಲ್ಲ ಅಂತ ಎಂದೆ. “ಎರಡನೇದರಾಗ?” ಅವನೇ ತೆಗೆದುಕೊಂಡಿದ್ದಾನೆ ಅಂತ ಎಂದೆ. ಸಂಶಯ ಎಂಬ ಪದ ಒಂದೇ ಇದ್ದರೂ ಮನಸ್ಸು ವಾಲುವ ಕಡೆ ತದ್ವಿರುದ್ಧ. ಆಗಿರಲಿಕ್ಕಿಲ್ಲ ಎಂಬ ಕಡೆ ವಾಲಿದರೆ ಡೌಟ್, ಆಗಿರಬೇಕು ಎಂಬ ಕಡೆ ವಾಲಿದರೆ ಸಸ್ಪೆಕ್ಟ್. ಚೀಲಗಳು ನೆನೆದಿರಬೇಕೆಂದು ನಮಗೆ ಅನ್ನಿಸಿತ್ತು. ನೆನೆದಿವೆ ಎಂಬುದನ್ನು ನಾವು ನಂಬುವುದಿಲ್ಲ ಎಂದು ನಾನು ಬರೆದು ಕಳಿಸಿದ್ದೆ. ಒಂದು ಕ್ರಿಯಾಪದದಿಂದ ನಮ್ಮ ಒಪ್ಪಿಗೆ ಅವರಿಗೆ ಆರೋಪವಾಗಿ ತಲುಪಿತ್ತು. ಎರಡು ವರ್ಷ ಹೊತ್ತು ತಿರುಗಿದ ಆ ಭಾರ ಅಂದು ಸಂಜೆ ಇಳಿಯಿತು ಎಂದು ಮನಸ್ಸಿನಿಂದ ಹೇಳಬಲ್ಲೆ.

ಬಿಗಿನ್, ಸ್ಟಾರ್ಟ್, ಕಮೆನ್ಸ್ ಎಂಬ ಮೂರರ ಪಾಠದಲ್ಲಿ ಇತಿಹಾಸವೂ ಬಂತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಾಲಯಗಳಲ್ಲಿ ಬಹುಕಾಲ ಫ್ರೆಂಚ್ ನಡೆಯಿತು, ವಿದ್ವತ್ತಿನ ಭಾಷೆ ಲ್ಯಾಟಿನ್ ಆಗಿತ್ತು, ಜನರ ಬಾಯಲ್ಲಿ ಹಳೆಯ ಇಂಗ್ಲಿಷ್ ಉಳಿಯಿತು. ಅದರಿಂದಾಗಿ ಒಂದೇ ಕೆಲಸಕ್ಕೆ ಮನೆಮಾತಿನ ಪದವೂ ದರಬಾರಿನ ಪದವೂ ಜೊತೆಗೂಡಿ ನಿಂತವು: ಬಾಯ್ ಮತ್ತು ಪರ್ಚೇಸ್, ಬಿಗಿನ್ ಮತ್ತು ಕಮೆನ್ಸ್, ಆಸ್ಕ್ ಮತ್ತು ಇಂಟರಾಗೇಟ್. ಇದು ನಮಗೆ ಹೊಸದಲ್ಲ. ತೊಡಗು ಎಂಬುದು ಅಚ್ಚಗನ್ನಡ, ಆರಂಭಿಸು ಸಂಸ್ಕೃತದಿಂದ ಬಂದದ್ದು, ಶುರು ಮಾಡು ಎಂಬುದರಲ್ಲಿ ಅರಬ್ಬಿ-ಪಾರಸಿಯ ನಂಟಿದೆ. ಇವು ಸಾಲದೆ ಚಾಲೂ ಮಾಡು ಎಂಬುದೊಂದು ನಮ್ಮಲ್ಲಿದೆ. ಹೊಲದ ಪಂಪನ್ನು ಯಾರೂ ಆರಂಭಿಸುವುದಿಲ್ಲ, ಚಾಲೂ ಮಾಡುತ್ತಾರೆ. ಇಂಗ್ಲಿಷಿನಲ್ಲಿಯೂ ಎಂಜಿನ್ನನ್ನು ಬಿಗಿನ್ ಮಾಡುವಂತಿಲ್ಲ, ಸ್ಟಾರ್ಟ್ ಮಾಡಬೇಕು. ಕಮೆನ್ಸ್ ಎಂಬುದು ಆಮಂತ್ರಣ ಪತ್ರಿಕೆಯ, ಕರಾರುಪತ್ರದ ಮಾತು. ಗೆಳೆಯನಿಗೆ ಬರೆಯುವ ಚೀಟಿಯಲ್ಲಿ ಅದು ನಮ್ಮ ‘ಪ್ರಾರಂಭೋತ್ಸವ’ದಷ್ಟು ದೊಡ್ಡದಾಗುತ್ತದೆ. ಈ ಪಾಠವಾದ ಮೇಲೆ ನನ್ನ ವ್ಯಾಪಾರದ ಪತ್ರಗಳಲ್ಲಿ ಪರ್ಚೇಸ್ ಕಡಿಮೆಯಾಗಿ ಬಾಯ್ ಹೆಚ್ಚಾಯಿತು, ಪತ್ರ ಓದಲು ಹಗುರಾಯಿತು.

ಪ್ರತಿಯೊಬ್ಬರೂ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ಕೋಶ ತರಬೇಕೆಂಬುದು ಈ ತರಗತಿಯ ಕಟ್ಟುನಿಟ್ಟು. ಮೊದಲಿಗೆ ಇದು ನನಗೆ ಹೊರೆ ಎನ್ನಿಸಿತು. ಅದರ ಕಾರಣ ತಿಳಿದ ಮೇಲೆ ಒಪ್ಪಿದೆ. ಧಾರವಾಡದಲ್ಲಿ ಕಾಲೇಜಿಗೆ ಹೆಸರಾಗಿರುವ ಕಿಟೆಲ್ ಅವರ 1894ರ ಕನ್ನಡ-ಇಂಗ್ಲಿಷ್ ನಿಘಂಟಿನಂಥ ದೊಡ್ಡ ಕೃತಿಯೂ ಸೇರಿ, ಎರಡು ಭಾಷೆಗಳ ಕೋಶ ಒಂದು ಪದಕ್ಕೆ ಎದುರಾಗಿ ಯಾವ ಯಾವ ಪದಗಳಿವೆ ಎಂದು ಹೇಳುತ್ತದೆ. ಆ ಪದಗಳಲ್ಲಿ ನನ್ನ ವಾಕ್ಯಕ್ಕೆ ಯಾವುದು ಎಂಬುದು ಬೇರೆ ಪ್ರಶ್ನೆ. ಆ ಪ್ರಶ್ನೆಗೆ ಉತ್ತರವಾಗಿ ಕೋಶ ಕಟ್ಟಿದವರಲ್ಲಿ ಎ. ಎಸ್. ಹಾರ್ನ್‌ಬಿ ಮುಖ್ಯರು. ಅವರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಸಂಗಡಿಗರೊಡನೆ ಮಾಡಿದ ಕೋಶ 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಗಿ, 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಹೊರಬಂತು. ಕಠಿಣ ಪದಗಳ ಅರ್ಥಕ್ಕಿಂತ ಸುಲಭ ಪದಗಳ ಸುತ್ತಲಿನ ಕಟ್ಟಡವನ್ನು, ಅಂದರೆ ಯಾವ ಕ್ರಿಯಾಪದದ ಮುಂದೆ ಏನು ಬರುತ್ತದೆ ಎಂಬುದನ್ನು ಬಿಡಿಸಿ ತೋರಿಸಿದ್ದು ಅದರ ಹೆಚ್ಚುಗಾರಿಕೆ. ಜಪಾನಿನ ಹುಡುಗರಿಗೂ ನಮ್ಮಂತೆಯೇ ಸೇ, ಟೆಲ್ ತೊಡಕಾಗಿರಬೇಕು. ಇಂಥ ಕೋಶಗಳ ಈಗಿನ ಮುದ್ರಣಗಳಲ್ಲಿ ಹತ್ತಿರದ ಕ್ರಿಯಾಪದಗಳನ್ನು ಒಂದೇ ಚೌಕದಲ್ಲಿ ಇಟ್ಟು ಭೇದ ಹೇಳಿರುತ್ತಾರೆ. ಆ ಚೌಕಗಳನ್ನು ಹುಡುಕಿ ಓದುವುದು ಪ್ರತಿ ಶನಿವಾರದ ಪಾಠ. ತರಗತಿ ಮುಗಿದ ಮೇಲೂ ನನ್ನ ಕೈಯಲ್ಲಿ ಉಳಿದ ಆಸ್ತಿ ಅದು.

ಕೊರತೆಗಳನ್ನೂ ಹೇಳಬೇಕು. ಉಚ್ಚಾರಣೆಗೆ ಇಲ್ಲಿ ಸಮಯವೇ ಇಲ್ಲ. ನೀಟಾಗಿ ಬರೆಯುವುದನ್ನು ಕಲಿತು ಬರಬಹುದು, ಫೋನಿನಲ್ಲಿ ಮಾತಾಡುವ ಧೈರ್ಯಕ್ಕೆ ಇನ್ನೊಂದು ಕಡೆ ಹೋಗಬೇಕು. ಅಚ್ಚಾದ ನೋಟ್ಸ್ ಕೊಡುವುದಿಲ್ಲ. ಒಂದು ದಿನ ತಪ್ಪಿಸಿದರೆ ಪಕ್ಕದವರ ವಹಿಯೇ ಗತಿ. ಮಳೆಗಾಲದಲ್ಲಿ ಮಹಡಿಯ ತಗಡಿನ ಮೇಲೆ ಮಳೆ ಬಿದ್ದಾಗ ಹಿಂದಿನ ಎರಡು ಸಾಲಿಗೆ ಪಾಠ ಕೇಳಿಸುವುದಿಲ್ಲ, ಮತ್ತು ಜುಲೈಯಲ್ಲಿ ಧಾರವಾಡದ ಮಳೆ ಹೇಗೆ ಹಿಡಿಯುತ್ತದೆಂದು ಇಲ್ಲಿಯವರಿಗೆ ಗೊತ್ತು. ಎಫ್‌ಡಿಎ, ಪಿಎಸ್‌ಐ, ಬ್ಯಾಂಕ್ ಪರೀಕ್ಷೆಗಳಿಗೆ ಓದುತ್ತಿದ್ದ ಗೆಳೆಯರಿಗೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವ ಅಭ್ಯಾಸ ಇನ್ನಷ್ಟು ಬೇಕಾಗಿತ್ತು. ಅವರಲ್ಲಿ ಇಬ್ಬರು ತಿಂಗಳಿಗೇ ಬಿಟ್ಟರು, ಅವರ ಅವಸರ ನೋಡಿದರೆ ಅದು ತಪ್ಪೆನ್ನಲಾರೆ.

ಒಂದು ವಿಷಯದಲ್ಲಿ ಮೇಡಂ ಅವರೊಡನೆ ನನ್ನ ಭಿನ್ನಾಭಿಪ್ರಾಯ ಕೊನೆಯವರೆಗೂ ಉಳಿಯಿತು. ನಿಗದಿಯಾದ ದಿನವನ್ನು ಮುಂಚಿತಕ್ಕೆ ತರುವುದಕ್ಕೆ ನಾವು ಬಳಸುವ ಪ್ರಿಪೋನ್ ಎಂಬ ಪದವನ್ನು ಅವರು ಒಪ್ಪುವುದಿಲ್ಲ, ‘ಬ್ರಿಂಗ್ ಫಾರ್ವರ್ಡ್’ ಎಂದೇ ಬರೆಯಬೇಕೆಂದು ಕೆಂಪು ಮಸಿಯಲ್ಲಿ ತಿದ್ದುತ್ತಾರೆ. ಪೋಸ್ಟ್‌ಪೋನ್ ಎಂಬುದಕ್ಕೆ ಎದುರಾಗಿ ನಮ್ಮಲ್ಲಿ ರೂಢಿಯಾದ ಆ ಪದವನ್ನು ಭಾರತೀಯ ಬಳಕೆ ಎಂದು ಗುರುತಿಸಿ ಇಂಗ್ಲಿಷ್ ಕೋಶಗಳೇ ಸೇರಿಸಿಕೊಂಡಿವೆ. ಕೊಚ್ಚಿಯ ಖರೀದಿದಾರನಿಗೂ ಮುಂಬಯಿಯ ದಲಾಲಿಗೂ ಅದು ಒಂದೇ ಏಟಿಗೆ ಅರ್ಥವಾಗುತ್ತದೆ. ಕೇಳುವವನಿಗೆ ನನ್ನ ಮನಸ್ಸಿನ ಮಾತು ತಿರುಚದೆ ತಲುಪಬೇಕೆಂಬುದು ಈ ಪಾಠಗಳ ಉದ್ದೇಶವಾಗಿದ್ದರೆ, ಪ್ರಿಪೋನ್ ಆ ಉದ್ದೇಶಕ್ಕೆ ಡೌಟ್‌ನಷ್ಟು ಎಂದೂ ಮೋಸ ಮಾಡಿಲ್ಲ. ವಿದೇಶಕ್ಕೆ ಬರೆಯುವಾಗ ಮಾತ್ರ ಮೇಡಂ ಹೇಳಿದಂತೆ ಬರೆಯುತ್ತೇನೆ.

ಮೂರು ತಿಂಗಳಿಗೆ ನಾನು ಕೊಟ್ಟದ್ದು 4,500 ರೂಪಾಯಿ, ಎರಡು ಕಂತಿನಲ್ಲಿ. ಸೋಮವಾರದಿಂದ ಶನಿವಾರ, ಸಂಜೆ ಆರೂವರೆಯಿಂದ ಎಂಟು. ಹುಬ್ಬಳ್ಳಿ ಕಡೆಯಿಂದ ಬರುವವರು ಚಿಗರಿ ಬಸ್ಸಿನಲ್ಲಿ ಜುಬಿಲಿ ಸರ್ಕಲ್ಲಿಗೆ ಇಳಿದು ಆಟೋ ಹಿಡಿಯಬಹುದು. ಅಂಗಡಿ ಆರಕ್ಕೆ ಮುಗಿಯುವ ನನ್ನಂಥವರು ಮೊದಲ ಹದಿನೈದು ನಿಮಿಷ ಕಳೆದುಕೊಳ್ಳುವುದು ಖಂಡಿತ, ಅದನ್ನು ಮುಂಚೆಯೇ ಹೇಳಿಟ್ಟರೆ ಮೇಡಂ ಆ ದಿನದ ಮುಖ್ಯ ಪಾಠವನ್ನು ಏಳು ಗಂಟೆಗೆ ಇಟ್ಟುಕೊಳ್ಳುತ್ತಾರೆ. ಹದಿನೆಂಟು ಜನಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ, ಕೆಲಸಕ್ಕೆ ಸೇರಿದ ಮೇಲೆ ಇಂಗ್ಲಿಷಿನಲ್ಲಿ ಬರೆಯಬೇಕಾಗಿ ಬಂದವರಿಗೆ ನಾನು ಕಂಡ ತರಗತಿಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ದಸರಾ ಮುಗಿದ ಮೇಲೆ ಮುಂದಿನ ತಂಡ. ತರಗತಿ ನಡೆಯುವಾಗ ಅವರು ಫೋನ್ ಎತ್ತುವುದಿಲ್ಲ, ಸಪ್ತಾಪುರದ ಯಾವುದಾದರೂ ವಾಚನಾಲಯದಲ್ಲಿ ಮಹಡಿ ಮ್ಯಾಲಿನ ಇಂಗ್ಲಿಷ್ ಮೇಡಂ ಎಂದು ಕೇಳಿದರೆ ಮನೆ ತೋರಿಸುತ್ತಾರೆ. ಹೋಗುವಾಗ ನೀವು ಇಂಗ್ಲಿಷಿನಲ್ಲಿ ಬರೆದ ಒಂದು ಪತ್ರವನ್ನು, ತಿದ್ದದೆ, ಹೇಗಿದೆಯೋ ಹಾಗೆ ಒಯ್ಯಿರಿ. ಅವರು ಮೊದಲು ಕೇಳುವುದು ಅದನ್ನೇ.